ಬೇಳೆ ಬೇಯದ ನೀರು

ಪಾತ್ರೆ ಪಗಡ ಇಳಿಸುವ ಮೊದಲೇ ಹುಡುಗಿಯ ಅಪ್ಪ ನನ್ನ ಮುಂಗೈ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದರು. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಹಸುವಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿ ಹೇಳಿದರು.

"ಮಾಸ್ಟರು, ಒಂದೇ ಮಾತು. ನಾಳೆ ಮಾಪಿಳ್ಳೆ ಕಡೆಯವ್ರು, ಗಂಡಿನೋರು ಬಂದಾಗ ನೀರ್ ವಿಷ್ಯ ಮಾತ್ರ ಬಾಯ್ ಬಿಡ್ಬ್ಯಾಡಿ."

ನನಗೆ ತಲೆಬುಡ ತಿಳಿಯಲಿಲ್ಲ. ಅಡುಗೆಯವನಿಗೆ ಹೇಳುವ ಗುಟ್ಟುಗಳು ಬೇರೆ ಥರ. ಯಾರ ಎಲೆಗೆ ತುಪ್ಪ ಹೆಚ್ಚು ಬೀಳಬೇಕು, ಯಾವ ಭಾವನನ್ನು ಯಾವ ಚಿಕ್ಕಪ್ಪನ ಪಕ್ಕ ಕೂರಿಸಬಾರದು, ಇಂಥವು. ನೀರಿನ ಗುಟ್ಟು ಕೇಳಿದ್ದು ಅದೇ ಮೊದಲು.

ತೊಂಬತ್ತರ ದಶಕದ ನಡುವಿನ ಮಾತು. ಪಾಲಕೋಡಿನಿಂದ ಟೌನ್ ಬಸ್ಸಿನಲ್ಲಿ ಹೋಗಿ, ಇಳಿದು, ಟೊಮೇಟೊ ತೋಟಗಳ ನಡುವೆ ನಡೆದು ಸೇರಬೇಕಾದ ಊರು ಅದು. ಪೊಂಗಲ್ ಕಳೆದು ತೈ ತಿಂಗಳು ಹುಟ್ಟಿತ್ತು, ಶುಭಕಾರ್ಯಗಳಿಗೆ ಬಾಗಿಲು ತೆರೆದಿತ್ತು. ನಾನು ಮೇಟ್ಟೂರು ಕಡೆಯವನು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ಕನ್ನಡದ ಅಕ್ಷರಗಳನ್ನು ನಮ್ಮ ತಾತ ಜಗಲಿಯ ಮೇಲೆ ಇದ್ದಿಲಿನಲ್ಲಿ ಬರೆದು ಕಲಿಸಿದ್ದು. ಅಡುಗೆ ಕಲಿಸಿದ್ದು ನನ್ನ ಗುರು. ಅವರಿಗೆ ಅದೇ ದಿನ ಸೇಲಂನಲ್ಲಿ ದೊಡ್ಡ ಮದುವೆ. "ಇದು ಒಂದು ವ್ಯಾನಿನ ಜನ, ಊರೋರು ಒಂದಷ್ಟು. ನೀನೇ ನಿಂತು ಮಾಡ್ಲಾ, ಎಷ್ಟ್ ದಿನ ನನ್ನ್ ಬೆನ್ನಿಂದೆ ಸೌಟು ಇಡ್ಕಂಡು ತಿರುಗ್ತೀಯಾ?" ಅಂತ ಕಳಿಸಿದ್ದರು. ಯಾರ ಬೆನ್ನೂ ಇಲ್ಲದೆ ನಾನು ಹಚ್ಚಿದ ಮೊದಲ ಒಲೆ ಅದು.

ಮಾಡಬೇಕಾಗಿದ್ದದ್ದು ಮದುವೆಯ ಊಟವಲ್ಲ. ಆದರೆ ಮದುವೆಗಿಂತ ಭಾರವಾದದ್ದು. ನಮ್ಮ ಜನರಲ್ಲಿ ಒಂದು ಕಟ್ಟಳೆ ಇದೆ. ಸಂಬಂಧ ಗಟ್ಟಿಯಾಗುವವರೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಪ್ಪು ಹಾಕಿದ್ದನ್ನು ಬಾಯಿಗಿಡುವುದಿಲ್ಲ. ಕಾಫಿ ಕುಡಿದಾರು, ಬಾಳೆಹಣ್ಣು ತಿಂದಾರು, ಅಷ್ಟೇ. ಮಾತುಕತೆ ಮುಗಿದ ದಿನ ಎಲೆ ಹಾಕುತ್ತಾರೆ. ಗಂಡಿನ ಕಡೆಯ ಹಿರಿಯ ಮೊದಲ ತುತ್ತು ಬಾಯಿಗಿಟ್ಟರೆ ಒಪ್ಪಿಗೆ. ಎಲೆ ಬಿಟ್ಟು ಎದ್ದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು, ಯಾರೂ ಕಾರಣ ಕೇಳುವ ಹಾಗಿಲ್ಲ. ತಾಂಬೂಲದ ತಟ್ಟೆ ಬದಲಾಗುವುದು ಊಟದ ಮೇಲೆ.

ಕೊಟ್ಟಿಗೆಯ ಹಿಂದೆ ಆ ಅಪ್ಪ ಉಳಿದದ್ದನ್ನೂ ಹೇಳಿದರು. ಅವರ ಊರಿನ ತೆರೆದ ಬಾವಿಗಳು ಬತ್ತಿ, ಬೋರ್ ಬಂದು ಬಹಳ ಕಾಲವಾಗಿತ್ತು. ಆ ಬೋರ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಧರ್ಮಪುರಿ ಕಡೆ ಇದು ಹೊಸ ಸುದ್ದಿಯಲ್ಲ. ಅವರ ಮಗಳಿಗೂ ಅದೇ ಆಗಿತ್ತು.

"ಓದ ವರ್ಸ ಒಂದು ಸಂಬಂದ ಬಂದಿತ್ತು. ಎಲೆ ಮುಂದೆ ಕೂತ್ಕಂಡಿದ್ರು. ಮಗು ಬಡಿಸ್ತಾ ಯಾವ್ದಕ್ಕೋ ನಕ್ತು. ಆ ಉಡ್ಗನ ತಾಯಿ ಪಕ್ಕದವ್ಳ ಕಿವೀಲಿ ಏನೋ ಅಂದ್ಲು. ಎದ್ದೋದ್ರು." ಅವರು ಟವಲಿನಿಂದ ಮುಖ ಒರೆಸಿಕೊಂಡರು. "ಇವ್ರು ಎಡಪ್ಪಾಡಿಯವ್ರು. ನಮ್ ಜನಾನೇ, ಎರಡ್ ತಲೆಮಾರಿಂದ ಮಗ್ಗದ ಕೆಲ್ಸದಾಗೆ ಅವ್ರೆ. ಅಲ್ಲೆಲ್ಲ ಒಳ್ಳೆ ನೀರು. ಉಡ್ಗನ ಅಮ್ಮ ಒಂದ್ ಮದ್ವೇಲಿ ನೋಡಿ ಒಪ್ಕಂಡವ್ಳೆ. ಆದ್ರೆ ಮುಡಿವು, ಕಡೇ ತೀರ್ಮಾನ ಮಾಡೋನು ಉಡ್ಗನ ದೊಡ್ಡಪ್ಪ. ಆಯಪ್ಪ ನಾಳೆ ಬತ್ತಾನೆ."

ಅತಿಥಿಗಳು ಕುಡಿಯುವುದಕ್ಕೆ ಅಂತ ಪಕ್ಕದೂರಿನ ಕೆರೆಯ ಅಂಚಿನ ಒಂದು ಸಿಹಿನೀರಿನ ಬಾವಿಯಿಂದ ಎರಡು ಡ್ರಮ್ ನೀರು ತರಿಸಿ, ಚಪ್ಪರದ ಮುಂದೆ ಇಟ್ಟು ಬಟ್ಟೆ ಕಟ್ಟಿದ್ದರು. ಅಡುಗೆಗೆ ಬೇಕಾದ ನೀರು ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ಬರುತ್ತದೆ ಅಂದರು. ನಾನು ಸರಿ ಅಂದೆ. ಕಾವೇರಿ ನೀರಲ್ಲಿ ಅಡುಗೆ ಕಲಿತವನಿಗೆ ನೀರು ಅಂದರೆ ನೀರು. ಅದಕ್ಕೊಂದು ಗುಣ, ಒಂದು ಹಠ ಇರುತ್ತದೆ ಅಂತ ಯೋಚನೆ ಮಾಡಿರಲಿಲ್ಲ.

ಹುಡುಗಿಯನ್ನು ಆ ಸಂಜೆ ನೋಡಿದೆ. ಕಾಫಿ ತಂದುಕೊಟ್ಟಳು. ನನ್ನ ಜೊತೆ ತರಕಾರಿ ಹೆಚ್ಚಲು ಬಂದಿದ್ದ ಅಕ್ಕ ಏನೋ ತಮಾಷೆ ಮಾಡಿದಳು. ಹುಡುಗಿಗೆ ನಗು ಬಂತು. ಜಗಲಿಯ ಮೇಲೆ ಕೂತಿದ್ದ ಅವಳ ಅಜ್ಜಿ ತಕ್ಷಣ ತನ್ನ ತುಟಿಯ ಮೇಲೆ ಬೆರಳಿಟ್ಟರು. ಹುಡುಗಿಯ ನಗು ಬಾಯೊಳಗೇ ಉಳಿಯಿತು. ಅವಳು ಒಳಗೆ ಹೋದ ಮೇಲೆ ತರಕಾರಿ ಅಕ್ಕ ನನ್ನತ್ತ ನೋಡಿದಳು. "ತಮ್ಮಾ, ಈ ಮನೇಲಿ ನಗೋಕೂ ಲೈಸನ್ಸ್ ಬೇಕು ಕಣೋ" ಅಂದಳು.

*

ಬೆಳಿಗ್ಗೆ ಟ್ರ್ಯಾಕ್ಟರ್ ಬರಲಿಲ್ಲ. ಮೊದಲು ಡ್ರೈವರ್ ಇನ್ನೂ ಎದ್ದಿಲ್ಲ ಅಂದರು. ಆಮೇಲೆ ಎದ್ದಿದ್ದಾನೆ, ಗಾಡಿ ಎದ್ದಿಲ್ಲ ಅಂದರು. ಆವತ್ತು ಗುರುವಾರ, ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ. ಅದಕ್ಕೆ ಮುಂಚೆ ಎಲೆ ಹಾಕಿ ಮೊದಲ ತುತ್ತು ಆಗಿಬಿಡಬೇಕು. ನೆಲ ಅಗೆದು ಮಾಡಿದ ಒಲೆಯಲ್ಲಿ ಜಾಲಿ ಸೌದೆ ಉರಿದು ಕೆಂಡವಾಗುತ್ತಿತ್ತು. ಇನ್ನು ಕಾಯುವುದು ಬೇಡ ಅಂತ ಬೋರ್ ನೀರನ್ನೇ ತಪ್ಪಲೆಗೆ ಸುರಿದು, ತೊಗರಿಬೇಳೆ ತೊಳೆದು ಹಾಕಿದೆ. ಅರಿಸಿನ, ಒಂದು ಚಮಚ ಹರಳೆಣ್ಣೆ. ಗುರು ಮಾಡುವ ಹಾಗೇ.

ಬೇಳೆ ಕುದಿಯಿತು. ಚೆನ್ನಾಗಿಯೇ ಕುದಿಯಿತು. ನಾನು ಪಲ್ಯಕ್ಕೆ ಬೀನ್ಸ್ ನೋಡಿ, ಸಬ್ಬಕ್ಕಿ ಪಾಯಸಕ್ಕೆ ಬೆಲ್ಲ ಕರಗಿಸಿ, ಬಂದು ಸೌಟಿನ ಮೇಲೆ ನಾಲ್ಕು ಕಾಳು ತೆಗೆದು ಹಿಸುಕಿದೆ. ಜಾರಿಹೋಯಿತು. ಇನ್ನೂ ಸ್ವಲ್ಪ ಹೊತ್ತು ಬೇಕು ಅಂದುಕೊಂಡೆ. ಮತ್ತೆ ಬಂದು ಹಿಸುಕಿದೆ. ಮೇಲೆ ಮೆತ್ತಗೆ, ಒಳಗೆ ಸುಣ್ಣದ ಹರಳು. ತಪ್ಪಲೆಯ ಅಂಚಿನಲ್ಲಿ, ನೀರು ಇಳಿದ ಕಡೆ, ಗೋಡೆಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಬಿದ್ದಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದೆ. ನೀರಿನ ಸುಣ್ಣ.

ಗೊತ್ತಿದ್ದದ್ದೆಲ್ಲ ಮಾಡಿದೆ. ತೆಂಗಿನ ಚಿಪ್ಪು ಹಾಕಿದೆ. ಕುದಿಯುವಾಗ ತಣ್ಣೀರು ಚಿಮುಕಿಸಿದೆ. ಉರಿ ಏರಿಸಿದೆ, ತಳ ಹಿಡಿಯುವ ವಾಸನೆ ಬಂತು, ಇಳಿಸಿದೆ. ಕಡೆಗೆ ಚಿಕ್ಕ ಪಾತ್ರೆಗೆ ಒಂದಷ್ಟು ತೆಗೆದುಕೊಂಡು ಸೋಡಾಪುಡಿ ಹಾಕಿ ಪರೀಕ್ಷೆ ನೋಡಿದೆ. ಅದು ಬೆಂದಿತು, ನಿಜ. ಬೆಂದು ಕಂದು ಅಂಟಾಯಿತು. ನಾಲಿಗೆಗೆ ಇಟ್ಟರೆ ಬಟ್ಟೆ ಒಗೆದ ನೀರು. ಒರಳಲ್ಲಿ ರುಬ್ಬಿ ನೋಡಿದೆವು; ಹಸಿ ಹಿಟ್ಟಿನ ವಾಸನೆ.

ತರಕಾರಿ ಅಕ್ಕ ಈಳಿಗೆಮಣೆಯ ಮೇಲಿಂದಲೇ ಕೇಳಿದಳು. "ಏನ್ ತಮ್ಮಾ, ಬ್ಯಾಳೆ ಬೇಯಿಸ್ತಿದ್ದೀಯಾ, ಕಲ್ಲು ಕರಗಿಸ್ತಿದ್ದೀಯಾ?"

ನನಗೆ ನಗು ಬರಲಿಲ್ಲ. ಬೇಳೆ ಇಲ್ಲದಿದ್ದರೆ ಸಾಂಬಾರಿಲ್ಲ, ರಸಕ್ಕೆ ಬೇಳೆಕಟ್ಟಿಲ್ಲ. ಶುಭದ ಎಲೆಯ ಮೇಲೆ ಬೇಳೆ ಬೀಳಲಿಲ್ಲ ಅಂದರೆ ಗಂಡಿನ ಕಡೆಯವರು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಯಾಕೆ ಅನ್ನುವುದಕ್ಕೆ ಉತ್ತರ ಒಂದೇ, ನೀರು. ಯಾವ ಮಾತನ್ನು ಬಾಯಿ ಬಿಡಬೇಡಿ ಅಂದಿದ್ದರೋ ಆ ಮಾತನ್ನು ನನ್ನ ತಪ್ಪಲೆಯೇ ಕೂಗಿ ಹೇಳುತ್ತಿತ್ತು.

ಆಗ ಅಂಗಡಿಯವರು ಓಡಿ ಬಂದರು. ಅವರ ಅಂಗಡಿಯಲ್ಲಿ ಫೋನ್ ಇತ್ತು. ವ್ಯಾನ್ ತೊಪ್ಪೂರು ಘಾಟಿಯಲ್ಲಿ ನಿಂತಿದೆಯಂತೆ. ಮುಂದೆ ಒಂದು ಲಾರಿ ಮಗುಚಿದೆ, ದಾರಿ ಬಿಡುವವರೆಗೆ ಅಲ್ಲಾಡುವ ಹಾಗಿಲ್ಲ, ಎಸ್.ಟಿ.ಡಿ. ಬೂತಿನಿಂದ ಹೇಳಿಕಳಿಸಿದ್ದಾರೆ. ಹುಡುಗಿಯ ಅಪ್ಪ ಅಯ್ಯೋ ಅಂತ ತಲೆಯ ಮೇಲೆ ಕೈಯಿಟ್ಟರು. ನಾನು ಮನಸ್ಸಿನಲ್ಲೇ ಆ ಲಾರಿಗೆ ಕೈಮುಗಿದೆ. ಆದರೆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ತಡವಾಗಿ ಬಂದವರು ಬಂದ ಕೂಡಲೇ ಎಲೆಗೆ ಕೂರುತ್ತಾರೆ. ರಾಹುಕಾಲ ಯಾರ ಲಾರಿಗೂ ಕಾಯುವುದಿಲ್ಲ. ಸಿಕ್ಕಿದ ಹೊತ್ತು ಬೇಳೆಯನ್ನು ಬೇಯಿಸುವುದಕ್ಕಲ್ಲ, ಬಿಡುವುದಕ್ಕೆ ಅಂತ ನನಗೆ ನಿಧಾನವಾಗಿ ಹೊಳೆಯಿತು.

ಚಪ್ಪರದ ಮುಂದಿನ ಡ್ರಮ್ಮುಗಳ ಮೇಲೆ ಕಣ್ಣು ಹೋಯಿತು. ಬಟ್ಟೆ ಸರಿಸಿ ನೋಡಿದರೆ ಒಂದು ಖಾಲಿ. ಹಿಂದಿನ ದಿನವೇ ಬಂದಿದ್ದ ನೆಂಟರು ಒಳ್ಳೆ ನೀರು ಸಿಕ್ಕಿತೆಂದು ತಲೆಗೆ ಎರೆದುಕೊಂಡಿದ್ದರು. ಉಳಿದದ್ದು ಕುಡಿಯಲು ಮತ್ತು ಪಾಯಸಕ್ಕೆ ಸಾಲುವಷ್ಟು, ಅಷ್ಟೇ.

ಅಲ್ಲೇ ನಿಂತಾಗ ಮೂಗಿಗೆ ಅವರೆಯ ಸೊಗಡು ಬಂತು. ಪಕ್ಕದ ಮನೆಯ ಜಗಲಿಯ ಮೇಲೆ ಪಾಲಕೋಡಿನ ಸಂತೆಗೆ ಹೋಗಬೇಕಾದ ಅವರೆಕಾಯಿಯ ಮೂಟೆಗಳಿದ್ದವು. ರಾಗಿ ಕೊಯ್ದ ಹೊಲದಲ್ಲಿ ಸಾಲಾಗಿ ಉಳಿಯುವ ಅವರೆ. ತೈ ತಿಂಗಳ ಮಂಜು ಬಿದ್ದು ಕೈಗೆ ಅಂಟುವಷ್ಟು ಸೊಗಡು. ಹಸಿಕಾಳು ಬಿಡಿಸಿ, ನೆನೆಸಿ, ಒಂದೊಂದನ್ನೂ ಹಿತಕಿ ಸಿಪ್ಪೆ ತೆಗೆದರೆ ಒಳಗಿನ ಬೇಳೆ ಬೆಣ್ಣೆಯ ಹಾಗೆ. ಅದಕ್ಕೆ ಈ ನೀರು ಏನು ಮಾಡೀತು?

ನಾನು ಒಳಗೆ ಹೋಗಿ ಹೇಳಿದೆ. "ಬೇಳೆ ಸಾಂಬಾರು ಆಗಲ್ಲ. ಹಿತಕಿದ ಬೇಳೆ ಸಾರು ಮಾಡ್ತೀನಿ. ಊರಲ್ಲಿರೋ ಕೈಗಳೆಲ್ಲ ಬೇಕು."

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ನಿಂತರು. "ಏನ್ ಮಾಸ್ಟರು, ಎಡಪ್ಪಾಡಿಯಿಂದ ಬರೋರಿಗೆ ಅವರೆಕಾಳ್ ಸಾರ್ ಇಕ್ಕಾದಾ? ಅದು ನಾವು ಒಲಕ್ಕೆ ಓಗಿ ಬಂದು ಉಣ್ಣೋದು! ಇನ್ನೇನ್ ರಾಗಿ ಕಳೀನೂ ಕಟ್ಟಿ ಇಕ್ತೀರಾ ಎಲೆ ಮ್ಯಾಲೆ?"

"ಮುದ್ದೆ ಬೇಡ ಅಜ್ಜಿ. ಅನ್ನ ಇದೆ."

"ಬ್ಯಾಳೆ ಯಾಕಿಲ್ಲ ಅಂದ್ರೆ ಏನೇಳ್ತೀರ?"

ಅಪ್ಪ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅಡುಗೆಕೋಣೆಯ ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಆಗ.

"ಅದೇ ಆಗ್ಲಿ ಬಿಡು ಅಜ್ಜಿ. ನನ್ ಕೈಗೆ ಬರೋ ಅಡ್ಗೇನೂ ಅದೇಯ. ಇವತ್ತು ಬ್ಯಾಳೆ ತೋರ್ಸಿ, ನಾಳೆ ಅಲ್ಲೋಗಿ ನಾನೇನ್ ಜನ್ಮಪೂರ್ತಿ ಬಾಯ್ ಮುಚ್ಕಂಡಿರ್ಲಾ?"

ಅಜ್ಜಿಯ ಬೆರಳು ತುಟಿಯ ಕಡೆ ಏರಿತು. ಆದರೆ ಹುಡುಗಿ ನಗುತ್ತಿರಲಿಲ್ಲ. ಬೆರಳು ಏನು ಮಾಡಬೇಕೆಂದು ತಿಳಿಯದೆ ಕೆಳಗಿಳಿಯಿತು. ಅಪ್ಪ ಹೊರಗೆ ಹೋಗಿ ಪಕ್ಕದ ಮನೆಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದರು.

*

ಹಿತಕುವ ಕೆಲಸ ಅವಸರಕ್ಕೆ ಆಗುವಂಥದ್ದಲ್ಲ. ಕಾಳನ್ನು ಹಿಂದಿನ ರಾತ್ರಿಯೇ ನೆನೆಸಿಡುವುದು ವಾಡಿಕೆ. ನಮಗೆ ರಾತ್ರಿ ಕಳೆದುಹೋಗಿತ್ತು. ಬಿಸಿನೀರು ಸುರಿದು ಮುಚ್ಚಿಟ್ಟೆ. ನೀರು ಬಿಸಿ ಹೆಚ್ಚಾದರೆ ಕಾಳು ಒಳಗೇ ಬೆಂದು ಸಿಪ್ಪೆ ಕಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಕೈ ಅದ್ದಿದರೆ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಬೇಕು, ಆದರೆ ಎಳೆದುಕೊಳ್ಳಬಾರದು, ಅಷ್ಟು ಬಿಸಿ. ಮೊದಲ ಪಾತ್ರೆಯದು ಕೆಟ್ಟಿತು. ಸಿಪ್ಪೆ ಕಚ್ಚಿಕೊಂಡ ಕಾಳನ್ನು ಪಕ್ಕಕ್ಕೆ ಸರಿಸಿ ಎರಡನೆಯದಕ್ಕೆ ನೀರನ್ನು ಆರಿಸಿ ಹಾಕಿದೆ. ಅದು ಬಿಟ್ಟಿತು. ಬೆರಳಿನಿಂದ ಒತ್ತಿದರೆ ಟಪ್ಪಂತ ಹೊರಗೆ ಹಾರುತ್ತಿತ್ತು.

ಬೀದಿಯ ಹೆಂಗಸರೆಲ್ಲ ಮೊರ ಹಿಡಿದು ಬಂದು ಅಂಗಳದಲ್ಲಿ ಕೂತರು. ಮಾತು, ಬೈಗುಳ, ನಗು. ಹುಡುಗಿಯೂ ಕೂತಳು, ಅವಳ ಕೈ ಎಲ್ಲರಿಗಿಂತ ಚುರುಕು. ತರಕಾರಿ ಅಕ್ಕನಿಗೆ ಹಿತಕಲು ಬರುತ್ತಿರಲಿಲ್ಲ, ಅವಳ ಬೇಳೆಗಳೆಲ್ಲ ಹಾರಿ ಪಕ್ಕದವರ ಮಡಿಲಿಗೆ ಬೀಳುತ್ತಿದ್ದವು. "ಏ ಮೇಟ್ಟೂರಮ್ಮಾ, ಬ್ಯಾಳೆ ಇತುಕ್ತಿದ್ದೀಯಾ, ಗುರಿ ಇಟ್ಟು ಒಡೀತಿದ್ದೀಯಾ?" ಅಂತ ಯಾರೋ ಕೇಳಿದರು. ಅಜ್ಜಿ ಮಾತ್ರ ದೂರದಲ್ಲಿ ಮುಖ ತಿರುಗಿಸಿ ಕೂತಿದ್ದರು. ಆಮೇಲೆ ತಡೆಯಲಾರದೆ ಬಂದು, "ಸಿಪ್ಪೆ ಅಂಗೇ ಐತೆ ನೋಡು, ಕಣ್ ಕಾಣಾಕಿಲ್ವಾ" ಅಂತ ಮೊರ ಕಿತ್ತುಕೊಂಡು ತಾವೇ ಕೂತರು.

ಆ ಹೊತ್ತಿಗೆ ನಾನು ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಲವಂಗ ಹುರಿದು, ತೆಂಗಿನಕಾಯಿಯ ಜೊತೆ ರುಬ್ಬಲು ಕೊಟ್ಟಿದ್ದೆ. ಹುರಿಯುತ್ತಾ ಒಂದು ವಿಷಯ ತಲೆಗೆ ಬಂತು. ಈ ಕಡೆಯ ಸಾರುಗಳಲ್ಲೆಲ್ಲ ಹುರಿದು ಬೀಸಿದ ಪುಡಿ ಜಾಸ್ತಿ, ಬೇಯಿಸಿ ಕಡೆದ ಬೇಳೆ ಕಡಿಮೆ. ನಮ್ಮ ಕಡೆ ಎಲ್ಲವೂ ಬೇಳೆಯ ಮೇಲೆ ನಿಂತದ್ದು. ಇದುವರೆಗೆ ನಾನು ಅದನ್ನು ಬಡತನ ಅಂದುಕೊಂಡಿದ್ದೆ, ಇಲ್ಲವೇ ರುಚಿ ಗೊತ್ತಿಲ್ಲ ಅಂದುಕೊಂಡಿದ್ದೆ. ಕಾಳನ್ನು ಒಂದೊಂದಾಗಿ ಸುಲಿಯುವುದು ಶೋಕಿ ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿತ್ತು, ಈ ನೀರಿನಲ್ಲಿ ಸಿಪ್ಪೆ ಬೇಯದೆ ಬೇಸತ್ತ ಯಾವಳೋ ಒಬ್ಬ ಹೆಂಗಸು ಒಂದು ದಿನ ಸಿಪ್ಪೆಯನ್ನೇ ಕಿತ್ತು ಎಸೆದಿರಬೇಕು. ಇದು ನನ್ನ ಊಹೆ. ನಿಜವೋ ಸುಳ್ಳೋ ಹೇಳುವವರಿಲ್ಲ. ಆದರೆ ಒಂದು ಸೀಮೆಯ ಅಡುಗೆ ಅಂತ ನಾವು ಕರೆಯುವುದು ಅಲ್ಲಿಯವರ ನಾಲಿಗೆ ಒಂದೇ ಮಾಡಿದ್ದಲ್ಲ. ನೆಲ ಕೊಟ್ಟದ್ದು, ನೀರು ಬಿಟ್ಟುಕೊಡದೆ ಹಠ ಹಿಡಿದದ್ದು, ಹೊಲದಿಂದ ಬಂದವರ ಹಸಿವು ಕಾಯಲು ಒಪ್ಪಿದಷ್ಟು ಹೊತ್ತು, ಇವೆಲ್ಲ ಸೇರಿ ಮಾಡಿದ್ದು. ನಾನು ಬೆಳಿಗ್ಗೆಯಿಂದ ಮೇಟ್ಟೂರಿನ ಅಡುಗೆಯನ್ನು ಪಾಲಕೋಡಿನ ಹೊಲದ ನಡುವೆ ನಿಲ್ಲಿಸಲು ಹೆಣಗುತ್ತಿದ್ದೆ.

ಕಡಲೆಕಾಯಿ ಎಣ್ಣೆಯಲ್ಲಿ ಸಣ್ಣೀರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಹಿತಕಿದ ಬೇಳೆಯನ್ನು ನೀರು ಸೇರಿಸದೆ ಎಣ್ಣೆಯಲ್ಲೇ ಹೊರಳಾಡಿಸಿ ಮುಚ್ಚಿದೆ. ಅರ್ಧ ಬೇಯುವುದು ಅಲ್ಲೇ ಆಗಲಿ, ಆ ನೀರಿಗೆ ಆದಷ್ಟು ಕಡಿಮೆ ಕೆಲಸ ಬಿಡೋಣ ಅಂತ. ಆಮೇಲೆ ರುಬ್ಬಿದ ಮಸಾಲೆ. ಹುಳಿ ಎಲ್ಲಕ್ಕಿಂತ ಕಡೆಗೆ. ಅನ್ನ ಆ ನೀರಲ್ಲಿ ಹಳದಿ ತಿರುಗುತ್ತಿತ್ತು. ನಿಂಬೆರಸ ಹಿಂಡಿದ ಮೇಲೆ ಬೆಳ್ಳಗಾಯಿತು. ರಸಕ್ಕೆ ಬೇಳೆಕಟ್ಟಿನ ಬದಲು ಹಣ್ಣು ಟೊಮೇಟೊ ಕಿವುಚಿ ಹಾಕಿದೆ. ಆ ಊರಲ್ಲಿ ಅದಕ್ಕೇನು ಬರವೇ? ಬೇಯದ ತೊಗರಿಬೇಳೆಯ ತಪ್ಪಲೆಯನ್ನು ಮುಚ್ಚಿ ಗೋಡೆಯ ಮರೆಗೆ ತಳ್ಳಿದೆವು.

ಸಾರು ಒಂದು ಕುದಿ ಬರುವಾಗ ವ್ಯಾನಿನ ಹಾರ್ನ್ ಕೇಳಿಸಿತು.

*

ದೊಡ್ಡಪ್ಪನನ್ನು ಯಾರೂ ತೋರಿಸಬೇಕಾಗಿರಲಿಲ್ಲ. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಉಗುರುಗಳ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ನೀಲಿ. ನೂಲಿಗೆ ಬಣ್ಣ ಹಾಕುವ ಕೆಲಸ ಅಂತ ಆಮೇಲೆ ತಿಳಿಯಿತು. ಕೈಕಾಲು ತೊಳೆಯಲು ಎಲ್ಲರನ್ನೂ ಬೋರಿನ ಪಕ್ಕದ ಸಿಮೆಂಟ್ ತೊಟ್ಟಿಗೆ ಕರೆದುಕೊಂಡು ಹೋದರು. ಒಲೆಯ ಹತ್ತಿರದಿಂದ ನನಗೆ ತೊಟ್ಟಿ ಕಾಣುತ್ತಿತ್ತು.

ಅವರು ಸೋಪು ತೆಗೆದುಕೊಂಡು ಕೈಗೆ ಉಜ್ಜಿದರು. ಮತ್ತೆ ಉಜ್ಜಿದರು. ಸೋಪನ್ನು ತಿರುಗಿಸಿ ನೋಡಿದರು. ಹೆಬ್ಬೆರಳನ್ನು ಬೆರಳುಗಳ ಮೇಲೆ ತಿಕ್ಕಿ, ಅಂಗೈಯನ್ನು ಮೂಗಿಗೆ ಹಿಡಿದರು. ಸೋಪನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು.

ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಚಪ್ಪರಕ್ಕೆ ಹೋಗುವ ಬದಲು ನೇರ ಅಡುಗೆಯ ಕಡೆ ಬಂದರು. ಸಾರನ್ನು ನೋಡಿದರು, ಅನ್ನ ನೋಡಿದರು. ಗೋಡೆಯ ಮರೆಯ ತಪ್ಪಲೆಯ ಹತ್ತಿರ ನಿಂತು ಮುಚ್ಚಳ ಎತ್ತಿದರು.

"ಇದೇನ್ ಮಾಸ್ಟರು?"

ಹಸುವಿಗೆ ಇಟ್ಟದ್ದು ಅನ್ನಬಹುದಾಗಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಮಾಡಿದ ಅಡುಗೆಯ ಮುಂದೆ ನಿಂತು ಸುಳ್ಳು ಹೇಳುವುದು ನನ್ನ ಗುರು ನನಗೆ ಕಲಿಸಿರಲಿಲ್ಲ.

"ತೊಗರಿಬೇಳೆ. ಬೇಯಲಿಲ್ಲ."

"ಉಂ" ಅಂದರು. ಮುಚ್ಚಳ ಮುಚ್ಚಿ, ಪಂಚೆ ಎತ್ತಿಕೊಂಡು ಹೊರಟುಹೋದರು.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ಗೊತ್ತಿಲ್ಲ. ಹುಡುಗಿಯ ಅಪ್ಪನಿಗೆ ಹೇಳಿದರೆ ಅವರು ಅಲ್ಲೇ ಕುಸಿಯುತ್ತಾರೆ; ಹೇಳದಿದ್ದರೆ ಎಲೆಯ ಮುಂದೆ ಕುಸಿಯುತ್ತಾರೆ. ಹೇಳಲಿಲ್ಲ. ಎಲೆ ಹಾಕಿದರು, ಉಪ್ಪು ಉಪ್ಪಿನಕಾಯಿ ಬಿತ್ತು. ರಾಹುಕಾಲ ಹತ್ತಿರವಾಯಿತೆಂದು ಯಾರೋ ಗಡಿಯಾರ ನೋಡಿ ಅವಸರ ಮಾಡಿದರು. ಹುಡುಗಿಯೇ ಅನ್ನ ಬಡಿಸಬೇಕು, ಅದು ಪದ್ಧತಿ. ಅವಳ ಹಿಂದೆ ಸಾರಿನ ಪಾತ್ರೆ ಹಿಡಿದು ನಾನು. ಜಗಲಿಯ ಕಂಬದ ಪಕ್ಕ ಅಜ್ಜಿ, ಬೆರಳು ಸಿದ್ಧ.

ದೊಡ್ಡಪ್ಪನ ಎಲೆಗೆ ಅನ್ನ ಬಿತ್ತು. ಸಾರು ಬಿತ್ತು. ಅವರ ಕೈ ಎಲೆಯ ಮೇಲೆ ಬಂದು, ಅನ್ನಕ್ಕೆ ತಾಗದೆ, ಅಲ್ಲೇ ನಿಂತಿತು. ಅವರು ಕೈ ಹಾಕದೆ ಯಾರೂ ಹಾಕುವ ಹಾಗಿಲ್ಲ. ಪಂಕ್ತಿ ಪೂರ್ತಿ ಅವರ ಕೈಯನ್ನೇ ನೋಡುತ್ತಿತ್ತು.

"ಏನಮ್ಮಾ, ಬ್ಯಾಳೆ ಸಾಂಬಾರ್ ಇಲ್ವಾ?"

ನಾನು ಕಣ್ಣು ಮುಚ್ಚಿಕೊಂಡೆ.

ಹುಡುಗಿ ಅಂದಳು: "ಇಲ್ಲ ಮಾವ. ನಮ್ಮೂರ್ ನೀರ್ನಾಗೆ ಬ್ಯಾಳೆ ಬೇಯಾಕಿಲ್ಲ. ಇದಾದ್ರೆ ಬೇಯ್ತೈತೆ. ಇತುಕಿದ್ ಬ್ಯಾಳೆ. ನಾನೇ ಇತುಕಿದ್ದು."

"ಅದೆಂಗೆ, ಎಲ್ಲಾನೂ ನೀನೇ ಇತುಕ್ದಾ?"

"ಎಲ್ಲಾ ಅಲ್ಲ. ಮ್ಯಾಲೆ ಇರೋದು ನಂದು. ಅಡೀಲಿ ಸಿಪ್ಪೆ ಸಿಕ್ಕಿದ್ರೆ ಅದು ಮೇಟ್ಟೂರಕ್ಕಂದು."

ಹಿಂದಿನಿಂದ ತರಕಾರಿ ಅಕ್ಕ "ಎಲಾ ಇವ್ಳಾ!" ಅಂದಳು. ಹುಡುಗಿ ನಕ್ಕುಬಿಟ್ಟಳು. ಬಾಯಿ ತುಂಬ, ತಡೆಯಲಾಗದೆ. ಕಂದು ಪಟ್ಟೆಗಳು ಕಂಡವು. ಎಲ್ಲರಿಗೂ ಕಂಡವು.

ದೊಡ್ಡಪ್ಪ ಅವಳ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದ ಹುಡುಗಿಯ ಅಪ್ಪನ ಕಡೆ ತಿರುಗಿದರು.

"ಕೈಕಾಲ್ ತೊಳೆಯೋವಾಗ್ಲೇ ಗೊತ್ತಾಯ್ತು ಬಿಡಿ. ಸೋಪು ನೊರೆ ಬರ್ಲಿಲ್ಲ. ನೂಲಿಗೆ ಸಾಯ, ಬಣ್ಣ ಆಕೋನು ನಾನು, ನೀರ್ ಗೊತ್ತಾಗಲ್ವಾ? ನಮ್ ಎಡಪ್ಪಾಡೀಲಿ ಬಾವಿಗೊಂದು ನೀರು. ಒಂದ್ರಾಗೆ ನೀಲಿ ಕೂರಾಕಿಲ್ಲ. ಅದೇ ನೀರ್ನಾಗೆ ಕೆಂಪು ಆಕಿ ನೋಡಿ, ಎಂಗ್ ಕೂರ್ತೈತೆ ಅಂತ. ನೀಲಿ ಕೂರ್ಲಿಲ್ಲ ಅಂತ ಯಾವನಾದ್ರೂ ಬಾವಿ ಮುಚ್ತಾನಾ?" ಅನ್ನದಲ್ಲಿ ಬೆರಳಿಂದ ಗುಳಿ ಮಾಡಿದರು. "ಕೇಳಿದ್ರೆ ನಿಜ ಏಳ್ತಾರಾ ಇಲ್ವಾ ಅಂತ ನೋಡ್ತಿದ್ದೆ. ಅಷ್ಟೇಯ."

"ಮಗೂದು ಅಲ್ಲು…" ಅಂತ ಅಪ್ಪ ಏನೋ ಹೇಳಲು ಹೊರಟರು.

"ಅಲ್ಲು ನೋಡಾಕ್ ಬಂದಿಲ್ಲ ಕಣಪ್ಪಾ. ನನ್ಗೇ ಮುಂದಿನ್ ನಾಕಿಲ್ಲ!" ಅಂತ ಅವರು ಬಾಯಿ ತೆರೆದು ತೋರಿಸಿದರು. ಪಂಕ್ತಿಯ ಕೊನೆಯವರೆಗೂ ನಗು ಓಡಿತು. ಆ ನಗುವಿನಲ್ಲೇ, ಯಾರೂ ಗಮನಿಸುವ ಮೊದಲೇ, ಅವರು ತುತ್ತು ಕಲಸಿ ಬಾಯಿಗಿಟ್ಟುಕೊಂಡರು.

ನಾನು ಸಾರಿನ ಪಾತ್ರೆಯನ್ನು ಕೆಳಗಿಟ್ಟೆ. ಅಲ್ಲಿಯವರೆಗೆ ಅದು ಎಷ್ಟು ಭಾರವಿತ್ತು, ಎಷ್ಟು ಬಿಸಿಯಿತ್ತು ಅನ್ನುವುದೇ ತಿಳಿದಿರಲಿಲ್ಲ. ಅಂಗೈ ಕೆಂಪಾಗಿತ್ತು.

ಎರಡನೇ ತುತ್ತು ನುಂಗಿ ಅವರು ತಲೆ ಎತ್ತಿದರು. "ಈ ಸಾರಿಗೆ ಅನ್ನ ಯಾಕಾಕಿದ್ರಿ? ಕಳಿ ಇಲ್ವಾ? ಅಲ್ಲು ಇಲ್ದೋನ್ಗೆ ಅದೇ ಒಳ್ಳೇದು, ನುಂಗಿದ್ರೆ ಆಯ್ತು."

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಕಳಿ ಎಲೆಗೆ ಬೀಳಬಾರದು ಅಂತ ಬೆಳಿಗ್ಗೆ ಕೂಗಾಡಿದವರು ಅವರೇ. ಹೊಲದಲ್ಲಿ ಕೆಲಸ ಮಾಡುವವರಿಗೆ ಅಂತ ಒಳಗೆ ಕಳಿ ತೊಳಸಿ ಮುಚ್ಚಿಟ್ಟವರೂ ಅವರೇ. ಅಜ್ಜಿ ಒಳಗೆ ಹೋಗಿ, ತಟ್ಟೆಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಬಂದು, ಅವರ ಎಲೆಯ ಮೇಲೆ ತಾವೇ ಇಳಿಸಿದರು.

"ಜಾಸ್ತಿ ಆಯ್ತಾ ನೋಡಿ" ಅಂದರು, ಮೆಲ್ಲಗೆ.

"ಇನ್ನೊಂದ್ ಐತಾ ಅದನ್ನ ಏಳಿ" ಅಂದರು ದೊಡ್ಡಪ್ಪ.

ಹುಡುಗಿ ಮತ್ತೆ ನಕ್ಕಳು, ಈ ಸಲ ಸದ್ದು ಬರುವ ಹಾಗೆ. ಅಜ್ಜಿಯ ಬೆರಳು ಅಭ್ಯಾಸದಂತೆ ಮೇಲೆದ್ದಿತು. ತುಟಿಯವರೆಗೂ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮೇಲಕ್ಕೆ ಹೋಗಿ, ಅದಕ್ಕೇ ಎದ್ದದ್ದು ಅನ್ನುವ ಹಾಗೆ ಮೂಗುಬೊಟ್ಟನ್ನು ತಿರುಗಿಸಿ ಸರಿಮಾಡಿ, ಕೆಳಗಿಳಿಯಿತು.